ನಿಮ್ಮನ್ನು ಎಲ್ಲಿ ನಿಲ್ಲಿಸಿ ತೆಗೆಯಲಿ?

ಮೊದಲ ಸಲ ಆ ಊರಿಗೆ ಹೋದಾಗ ನಾನು ತೆಗೆದದ್ದು ಒಂದು ಕೈಯ ಚಿತ್ರ. ಹನ್ನೊಂದು ವರ್ಷದ ಹುಡುಗನ ಬಲಗೈ. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಒಡೆದಿತ್ತು, ಕೆರೆದು ಕೆರೆದು ಕಪ್ಪಾಗಿತ್ತು, ಬೆರಳಸಂದಿಯಲ್ಲಿ ಕೀವು ಕಟ್ಟಿತ್ತು. ಕಾರ್ಖಾನೆಯ ಕೆಳಗೆ ಹರಿಯುವ ಹಳ್ಳದಲ್ಲಿ ಈಜುತ್ತಿದ್ದ ಹುಡುಗ. "ಕೈ ತೋರ್ಸು ಮರಿ" ಅಂದೆ, ತೋರಿಸಿದ. ಮ್ಯಾಕ್ರೊ ಲೆನ್ಸ್ ಹಾಕಿಕೊಂಡು ಇನ್ನಷ್ಟು ಹತ್ತಿರ ಹೋದೆ. ಐದಾರು ಫ್ರೇಮ್ ತೆಗೆಯಲು ಎರಡು ನಿಮಿಷವೂ ಹಿಡಿಯಲಿಲ್ಲ.

ಆ ಚಿತ್ರ ಪತ್ರಿಕೆಯೊಂದರಲ್ಲಿ ದೊಡ್ಡದಾಗಿ ಬಂತು. ಅಡಿಬರಹದಲ್ಲಿ ಹುಡುಗನ ಹೆಸರು, ಊರಿನ ಹೆಸರು ಎರಡೂ ಇದ್ದವು. ಬರೆದುಕೊಟ್ಟವನು ನಾನೇ. ಹದಿನೈದು ದಿನ ಕಳೆದ ಮೇಲೆ ಅವನ ತಾಯಿ ಫೋನ್ ಮಾಡಿದರು. "ಇಸ್ಕೂಲಲ್ಲಿ ಇವನ ಪಕ್ಕ ಯಾರೂ ಕೂರ್ತಿಲ್ಲ ಸಾರ್. ಅಂಟುರೋಗ ಅಂತ ಹೇಳ್ಕೊಂಡು ಓಡಾಡ್ತವ್ರೆ. ನಿಮ್ ಪೇಪರ್ ತೋರಿಸ್ಕೊಂಡೇ ಹೇಳ್ತಾರೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಉತ್ತರ ಕೊಡಲು ಆಗಲಿಲ್ಲ.

ಆಮೇಲೆ ಆ ಚಿತ್ರವನ್ನು ಎಷ್ಟೋ ಸಲ ತೆರೆದು ನೋಡಿದ್ದೇನೆ. ಫೋಕಸ್ ಸರಿಯಾಗಿದೆ, ಬೆಳಕು ಚೆನ್ನಾಗಿದೆ. ಆದರೆ ಅದರಲ್ಲಿ ಹುಡುಗನೇ ಇಲ್ಲ. ಅವನ ಒಂದು ತುಂಡನ್ನು ಮಾತ್ರ ನಾನು ಎತ್ತಿಕೊಂಡು ಬಂದಿದ್ದೆ.

ಮುಂದಿನ ನಾಲ್ಕು ತಿಂಗಳು ಆ ಊರಿಗೆ ಕ್ಯಾಮೆರಾ ಇಲ್ಲದೆ ಹೋದೆ. ಮೊದಲು ಆ ತಾಯಿಯ ಮುಂದೆ ಕೂತು ತಪ್ಪು ಒಪ್ಪಿಕೊಂಡೆ. ಅವರಿಗೆ ನನ್ನ ಕ್ಷಮೆಯಿಂದ ಆಗಬೇಕಾದ್ದು ಏನೂ ಇರಲಿಲ್ಲ. ಶಾಲೆಗೆ ಬಂದು, ಇದು ಅಂಟುವ ಕಾಯಿಲೆ ಅಲ್ಲ ಅಂತ ಮಕ್ಕಳಿಗೆ ಹೇಳಿಸಿ ಅಂದರು. ಒಬ್ಬ ಚರ್ಮರೋಗ ವೈದ್ಯರನ್ನು ಕರೆದುಕೊಂಡು ಹೋಗಿ ಹೇಳಿಸಿದೆ. ಅಷ್ಟರಿಂದ ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಆದರೆ ಆ ಓಡಾಟದಲ್ಲಿ ಊರಿನ ಜನ ನನ್ನ ಮುಖ ನೋಡಿದರು, ನಾನೂ ಅವರ ಮುಖ ನೋಡಿದೆ.

ಐದನೇ ತಿಂಗಳೋ ಆರನೆಯದೋ, ಒಬ್ಬ ಅಜ್ಜಿ ತಾನಾಗಿಯೇ ಕೇಳಿದಳು. "ಫೋಟೊದೋನು ಅಂತೀಯ, ಫೋಟೊನೇ ತೆಗಿಯಾಕಿಲ್ವಲ್ಲ ನೀನು?" ತೆಗೆಯುತ್ತೇನೆ ಅಜ್ಜಿ, ನಿಮ್ಮನ್ನು ಎಲ್ಲಿ ನಿಲ್ಲಿಸಿ ತೆಗೆಯಲಿ ಅಂದೆ. ಯೋಚನೆ ಮಾಡಿ ಕೇಳಿದ ಪ್ರಶ್ನೆಯಲ್ಲ, ಬಾಯಿಗೆ ಬಂದದ್ದು. ನನ್ನ ಮನಸ್ಸಿನಲ್ಲಿ ಇದ್ದದ್ದು ಹಳ್ಳ. ನೊರೆ ಹೊತ್ತ ಕಪ್ಪು ನೀರು, ಅದರ ದಡದಲ್ಲಿ ಬಿಳಿಗೂದಲಿನ ಮುದುಕಿ, ಹಿಂದೆ ಚಿಮಣಿ. ಎಲ್ಲರೂ ತೆಗೆಯುವ ಚಿತ್ರ. ಅಜ್ಜಿ ಅಂದಳು: "ಬಾವಿ ತಾವ ತೆಗಿ."

ಹಿತ್ತಲಿನ ಬಾವಿ. ಆರು ವರ್ಷದಿಂದ ಅದರ ನೀರು ಸೇದಿಲ್ಲ. ಸೇದಿದರೆ ಹಳದಿ ಬಣ್ಣದ ನೀರು, ಕೊಡದ ಒಳಗೆ ಕಲೆ ಹಿಡಿಯುತ್ತದೆ. ರಾಟೆ ತುಕ್ಕು ಹಿಡಿದಿತ್ತು. ಹಗ್ಗ ಮಾತ್ರ ಇನ್ನೂ ಹಾಗೇ ನೇತಾಡುತ್ತಿತ್ತು, ಹುರಿ ಬಿಚ್ಚಿಕೊಂಡು. ಬಾವಿಕಟ್ಟೆಯ ಅಂಚುಗಲ್ಲಿನಲ್ಲಿ ಸಾಲಾಗಿ ನಾಲ್ಕು ಕಚ್ಚು ಬಿದ್ದಿದ್ದವು. ರಾಟೆ ಕೂರಿಸುವ ಮುಂಚೆ ಹಗ್ಗ ಕಲ್ಲಿಗೇ ಉಜ್ಜಿ ಉಜ್ಜಿ ಸವೆದ ಗುರುತು ಅವು. ಅಜ್ಜಿ ಕಟ್ಟೆಗೆ ಒರಗಿ ನಿಂತಳು. ಆಮೇಲೆ ನಾನು ಏನೂ ಹೇಳದೆಯೇ ಬಲಗೈಯ ಮೂರು ಬೆರಳನ್ನು ಆ ಕಚ್ಚಿನೊಳಗೆ ಇಟ್ಟಳು. ಬೆರಳು ಅಳತೆ ಮಾಡಿದ ಹಾಗೆ ಕೂತವು. "ನಮ್ಮತ್ತೆ ಸೇದಿದ್ದು ಇದು, ನಾನು ಸೇದಿದ್ದು ಇದು" ಅಂತ ಒಂದೊಂದನ್ನೇ ಮುಟ್ಟಿ ತೋರಿಸಿದಳು.

ಚಿಮಣಿ ಆ ಚಿತ್ರದಲ್ಲಿ ಇಲ್ಲ. ಕಪ್ಪು ನೀರೂ ಇಲ್ಲ. ಆದರೆ ಆ ಊರಿಗೆ ಏನಾಗಿದೆ ಅನ್ನುವುದನ್ನು ನನ್ನ ಬೇರೆ ಯಾವ ಚಿತ್ರವೂ ಅಷ್ಟು ಹೇಳುವುದಿಲ್ಲ. ಅವತ್ತಿನಿಂದ ಇವತ್ತಿನವರೆಗೆ ನನ್ನ ಕೆಲಸ ಶುರುವಾಗುವುದು ಅದೇ ಪ್ರಶ್ನೆಯಿಂದ.

ಉತ್ತರಗಳು ಒಂದೊಂದೂ ಒಂದೊಂದು ಥರ. ಮೀನು ಹಿಡಿಯುತ್ತಿದ್ದವನೊಬ್ಬ ಮಗುಚಿ ಹಾಕಿದ ತನ್ನ ದೋಣಿಯ ಮೇಲೆ ಕೂತ. ಒಬ್ಬ ಹೆಂಗಸು ಮನೆಯೊಳಗಿನ ಕಿಟಕಿ ಆರಿಸಿಕೊಂಡರು. ಸಂಜೆ ಗ್ಯಾಸು ಬಿಡುವ ಹೊತ್ತಿಗೆ ದಿನವೂ ಮುಚ್ಚುವ ಕಿಟಕಿ ಅದು, ಸಂದಿಗೆ ಬಟ್ಟೆ ತುರುಕಿದ್ದರು. ಕಾಲೇಜಿಗೆ ಹೋಗುವ ಹುಡುಗಿ, "ಊರಲ್ಲಿ ಬೇಡ, ಲೈಬ್ರರಿ ಮೆಟ್ಟಿಲ ಮೇಲೆ" ಅಂದಳು. ಇನ್ನೊಬ್ಬರು, ವಯಸ್ಸು ಅರವತ್ತರ ಮೇಲೆ, ಖಡಾಖಂಡಿತವಾಗಿ ಹೇಳಿದರು: "ಎಲ್ಲಾದ್ರೂ ತೆಗೀರಿ, ಆ ಹಳ್ಳದ ಹತ್ರ ಮಾತ್ರ ಬೇಡ. ಬಂದೋರೆಲ್ಲ ನನ್ನ ಅಲ್ಲಿಗೇ ಕರ್ಕೊಂಡು ಹೋಗಿ ನೀರಲ್ಲಿ ಕೈ ಅದ್ದಿಸ್ತಾರೆ. ನಾಲ್ಕು ಸಲ ಅದ್ದಿದೀನಿ." ಆ ನೀರು ವಿಷ ಅಂತ ಜಗತ್ತಿಗೆ ತೋರಿಸಲು ಹೋದವರು ಅದೇ ನೀರಿಗೆ ಅವರ ಕೈ ಹಾಕಿಸಿದ್ದರು. ಆ ಹುಡುಗನ ಕೈ ತೆಗೆದ ನನಗೆ ಅವರನ್ನೆಲ್ಲ ಬೈಯುವ ಹಕ್ಕಿಲ್ಲ. ಆದರೂ ಕೇಳಿ ಹೊಟ್ಟೆ ಉರಿಯಿತು.

ನನ್ನ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡಿದ್ದು ಒಬ್ಬ ಕಾರ್ಮಿಕರ ಉತ್ತರ. ಅದೇ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು, ಮನೆಯಲ್ಲಿ ಹೆಂಡತಿಗೆ ಉಬ್ಬಸ. ಎಲ್ಲಿ ನಿಲ್ಲುತ್ತೀರಿ ಅಂದಾಗ ಒಳಗೆ ಹೋಗಿ ಯೂನಿಫಾರ್ಮ್ ಹಾಕಿಕೊಂಡು ಬಂದು, ಕಾರ್ಖಾನೆಯ ಗೇಟಿನ ಮುಂದೆ ತೆಗೆಯಿರಿ ಅಂದರು. ಗುಂಡಿಗಳನ್ನೆಲ್ಲ ಹಾಕಿ, ಕಾಲರ್ ಸರಿಮಾಡಿಕೊಂಡು, ಎದೆ ಸೆಟೆಸಿ ನಿಂತರು. ಮಾಲಿನ್ಯ ಮಾಡುವವರು ಒಂದು ಕಡೆ, ಅನುಭವಿಸುವವರು ಇನ್ನೊಂದು ಕಡೆ ಅಂತ ಗೆರೆ ಎಳೆದುಕೊಂಡು ಹೋದವನು ನಾನು. ಇಲ್ಲಿ ಆ ಗೆರೆ ಒಬ್ಬನೇ ಮನುಷ್ಯನ ನಡುವೆ ಹಾದುಹೋಗಿತ್ತು. ಮಕ್ಕಳನ್ನು ಓದಿಸಿದ್ದು ಆ ಸಂಬಳ, ಹೆಂಡತಿಯ ಉಸಿರು ಕಟ್ಟಿಸಿದ್ದು ಆ ಹೊಗೆ. ಎರಡೂ ಅವರಿಗೆ ಗೊತ್ತು. ಆ ಚಿತ್ರವನ್ನು ಪ್ರದರ್ಶನದಲ್ಲಿ ಇಟ್ಟಾಗ ಹೋರಾಟದಲ್ಲಿದ್ದ ಕೆಲವು ಗೆಳೆಯರಿಗೆ ಬೇಸರವಾಯಿತು. ಆದರೂ ಅದನ್ನು ಅಲ್ಲಿಂದ ಇಳಿಸಲಿಲ್ಲ.

ಈ ಬಗೆಯ ಛಾಯಾಗ್ರಹಣದ ಮಾತು ಬಂದರೆ ಎಲ್ಲರೂ ನೆನೆಯುವ ಊರು ಜಪಾನಿನ ಮಿನಮಾಟಾ. ಅಲ್ಲಿನ ಚಿಸ್ಸೊ ಕಂಪನಿಯ ಕಾರ್ಖಾನೆ 1932ರಿಂದ 1968ರವರೆಗೆ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕ ತಯಾರಿಸುತ್ತ, ಪಾದರಸ ಬೆರೆತ ತ್ಯಾಜ್ಯವನ್ನು ಸಮುದ್ರಕ್ಕೆ ಬಿಟ್ಟಿತು. ಅದರಲ್ಲಿದ್ದ ಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ವಿಷ ಮೀನಿಗೆ ಹೋಯಿತು, ಮೀನಿನಿಂದ ಮನುಷ್ಯರಿಗೆ, ತಾಯಂದಿರಿಂದ ಹೊಟ್ಟೆಯಲ್ಲಿದ್ದ ಕೂಸುಗಳಿಗೆ. ಕಾಯಿಲೆ ಅಧಿಕೃತವಾಗಿ ಗೊತ್ತಾದದ್ದು 1956ರ ಮೇ 1ರಂದು. ಕುವಾಬಾರಾ ಶಿಸೆ ಎಂಬ ಜಪಾನಿ ಛಾಯಾಗ್ರಾಹಕ 1960ರಲ್ಲೇ ಅಲ್ಲಿಗೆ ಹೋಗಿ ತೆಗೆಯತೊಡಗಿದ್ದ. ಯೂಜಿನ್ ಸ್ಮಿತ್ ಮತ್ತು ಐಲೀನ್ ಸ್ಮಿತ್ ಎಂಬ ಛಾಯಾಗ್ರಾಹಕ ದಂಪತಿ ಹೋದದ್ದು 1971ರಲ್ಲಿ. ಮೂರು ವರ್ಷ ಅಲ್ಲೇ ಮನೆ ಮಾಡಿಕೊಂಡಿದ್ದರು. 1972ರ ಜನವರಿಯಲ್ಲಿ ಯೂಜಿನ್ ಮೇಲೆ ಹಲ್ಲೆಯಾಗಿ ಕಣ್ಣಿಗೂ ಪೆಟ್ಟಾಯಿತು. ಆದರೂ ಕೆಲಸ ಬಿಟ್ಟು ಹೋಗಲಿಲ್ಲ.

ತಾಯಿಯೊಬ್ಬಳು ಹುಟ್ಟಿನಿಂದ ಕಾಯಿಲೆಯಾದ ಮಗಳಿಗೆ ಸ್ನಾನ ಮಾಡಿಸುತ್ತಿರುವ ಅವರ ಚಿತ್ರ ಜಗತ್ತಿಗೆಲ್ಲ ಗೊತ್ತು. ಆ ಹುಡುಗಿ 1977ರಲ್ಲಿ, ಇಪ್ಪತ್ತೊಂದನೇ ವಯಸ್ಸಿನಲ್ಲಿ ತೀರಿಕೊಂಡಳು. ಅವಳು ಹೋದ ಮೇಲೂ ಆ ಚಿತ್ರ ಪುಸ್ತಕ, ಪೋಸ್ಟರುಗಳಲ್ಲಿ ಸುತ್ತುತ್ತಲೇ ಇತ್ತು. ಇನ್ನು ಅವಳಿಗೆ ವಿಶ್ರಾಂತಿ ಸಿಗಲಿ ಅನ್ನುವುದು ಹೆತ್ತವರ ಮನಸ್ಸು. 1990ರ ದಶಕದ ಕೊನೆಯಲ್ಲಿ ಐಲೀನ್ ಆ ಚಿತ್ರದ ತೀರ್ಮಾನವನ್ನು ಹೆತ್ತವರಿಗೇ ಬಿಟ್ಟುಕೊಟ್ಟು, ಹೊಸದಾಗಿ ಎಲ್ಲಿಯೂ ಪ್ರಕಟಿಸುವುದಿಲ್ಲ ಎಂದರು. ಇಪ್ಪತ್ತನೇ ಶತಮಾನದ ಅತಿ ದೊಡ್ಡ ಛಾಯಾಚಿತ್ರಗಳಲ್ಲಿ ಒಂದು ಅನ್ನಿಸಿಕೊಂಡದ್ದನ್ನು, ಅದರ ಹಕ್ಕು ಇದ್ದವರೇ ಎತ್ತಿಟ್ಟರು. ಆ ತೀರ್ಮಾನದ ಮೇಲೆ ಛಾಯಾಗ್ರಾಹಕರ ನಡುವೆ ವಾದ ಇದೆ. ನಾನು ಐಲೀನ್ ಪಕ್ಷ. ಆ ಹುಡುಗಿಯ ಹೆಸರು ಎಲ್ಲ ಕಡೆ ಸಿಗುತ್ತದೆ, ಇಲ್ಲಿ ಬರೆಯುವುದು ಬೇಡ.

ಇನ್ನು ಕ್ಯಾಮೆರಾದ ಮಾತು. ನನ್ನ ಚೀಲದಲ್ಲಿ ಇರುವುದು ಎರಡು ಲೆನ್ಸ್, 35 ಮಿ.ಮೀ. ಮತ್ತು 50 ಮಿ.ಮೀ. ಮೊದಲು 85 ಕೂಡ ಇತ್ತು. ಹಿನ್ನೆಲೆಯನ್ನು ಬೆಣ್ಣೆಯಂತೆ ಕರಗಿಸಿಬಿಡುತ್ತಿತ್ತು. ಮದುವೆ ಫೋಟೊಗೆ ಅದು ಚೆಂದ. ನನ್ನ ಕೆಲಸದಲ್ಲಿ ಹಿನ್ನೆಲೆ ಕರಗಿದರೆ ಊರೇ ಮಾಯ. ಗೋಡೆಯ ಮೇಲಿನ ಮಸಿ, ಬಾಗಿಲಿನಾಚೆಯ ಒಣಗಿದ ತೋಟ, ಮೂಲೆಯ ಆಕ್ಸಿಜನ್ ಸಿಲಿಂಡರ್, ಹೇಳಬೇಕಾದ್ದೆಲ್ಲ ಅಲ್ಲೇ ಇರುತ್ತದೆ. ಆದ್ದರಿಂದ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯನ್ನು ಎಫ್/5.6ಕ್ಕಿಂತ ಹೆಚ್ಚು ತೆರೆಯುವುದು ಅಪರೂಪ, ಬೆಳಕು ಸಾಲದಿದ್ದರೆ ಬೆಳಕು ಹಿಡಿಯುವ ಸೂಕ್ಷ್ಮತೆಯನ್ನು ಐಎಸ್‌ಒ 3200ಕ್ಕೆ ಏರಿಸುತ್ತೇನೆ. ಕಾಳು ಕಾಳಾಗಿ ಕಂಡರೂ ಪರವಾಗಿಲ್ಲ. ಮುಖಕ್ಕೂ ನನಗೂ ನಡುವೆ ಕನಿಷ್ಠ ಒಂದೂವರೆ ಮೀಟರ್ ಬಿಡುತ್ತೇನೆ. ಅದಕ್ಕಿಂತ ಹತ್ತಿರ ಹೋದರೆ ಮೂಗು ಉಬ್ಬುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಇದು ಲೆನ್ಸಿನ ದೋಷವಲ್ಲ, ದೂರದ ಗುಣ. ಮೊದಲೇ ಕಾಯಿಲೆಯಿಂದ ಬಳಲಿದ ಮುಖವನ್ನು ನಾನು ಇನ್ನಷ್ಟು ಸೊಟ್ಟ ಮಾಡಬಾರದಲ್ಲ. ಕ್ಯಾಮೆರಾವನ್ನು ಅವರ ಕಣ್ಣಿನ ಮಟ್ಟಕ್ಕೆ ಇಳಿಸುತ್ತೇನೆ, ಹಾಸಿಗೆಯಲ್ಲಿದ್ದವರಾದರೆ ನೆಲದ ಮೇಲೆ ಕೂರುತ್ತೇನೆ. ಮೇಲಿನಿಂದ ತೆಗೆದರೆ ಯಾರಾದರೂ ಬಡಪಾಯಿಯಾಗಿ ಕಾಣುತ್ತಾರೆ.

ಮಾತು ಮೊದಲು, ಫೋಟೊ ಆಮೇಲೆ. ಅಳುವಾಗ ತೆಗೆಯುವುದಿಲ್ಲ. ಇದರಲ್ಲಿ ನಾನು ಹಟವಾದಿ. ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡು ಬರುತ್ತಾರಲ್ಲ, ಆ ಮುಖ ಕಾದು ಕೂರಲು ಯೋಗ್ಯವಾದದ್ದು.

ಈ ಕೆಲಸದ ಅತಿ ಕಷ್ಟದ ಸಂಗತಿ ಏನೆಂದರೆ, ಬಹುಪಾಲು ಹಾನಿ ಕಣ್ಣಿಗೆ ಕಾಣುವುದಿಲ್ಲ. ಪಾದರಸದ ವಿಷ ಏರಿದವರಿಗೆ ಕೈಕಾಲು ಜೋಮು ಹಿಡಿಯುತ್ತದೆ, ನೋಟದ ವ್ಯಾಪ್ತಿ ಕುಗ್ಗಿ ಕೊಳವೆಯೊಳಗಿಂದ ನೋಡಿದ ಹಾಗೆ ಆಗುತ್ತದೆ. ಜೋಮನ್ನು ಹೇಗೆ ತೆಗೆಯುವುದು? ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹೊಡೆತ ಕೊಡುತ್ತದೆ, ಮಗು ಫೋಟೊದಲ್ಲಿ ನಗುತ್ತಲೇ ಇರುತ್ತದೆ. ಕಾಣುವುದನ್ನೇ ಹುಡುಕುತ್ತ ಹೋದರೆ ಹುಣ್ಣು, ವಿಕಾರ, ಊನ ಇಷ್ಟೇ ಸಿಗುತ್ತವೆ. ಕಾಣದ ಕಾಯಿಲೆಯವರು ಲೆಕ್ಕಕ್ಕೇ ಬರುವುದಿಲ್ಲ.

ಕಲ್ಲುಪುಡಿ ಮಾಡುವ ಘಟಕದಲ್ಲಿ ದುಡಿದು ಸಿಲಿಕೋಸಿಸ್ ಆದ ಒಬ್ಬ ಅಣ್ಣನನ್ನು ತೆಗೆಯಲು ನಾನು ಮೂರು ಸಲ ಹೋಗಿ ಸೋತೆ. ವಯಸ್ಸು ನಲವತ್ತೊಂದು. ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತು ಗಾಯ ಮಾಡುತ್ತದೆ, ಗಾಯ ಗಟ್ಟಿಯಾಗುತ್ತದೆ, ಅದನ್ನು ಬಿಡಿಸುವ ಮದ್ದಿಲ್ಲ. ಕುರ್ಚಿಯಲ್ಲಿ ಕೂತರೆ ನೋಡಲು ಗಟ್ಟಿಮುಟ್ಟಾಗೇ ಕಾಣುತ್ತಿದ್ದ. ಎದ್ದು ಹತ್ತು ಹೆಜ್ಜೆ ನಡೆದರೆ ಗೋಡೆ ಹಿಡಿಯಬೇಕು. ಫೋಟೊ ನೋಡಿದವರು, "ಚೆನ್ನಾಗೇ ಇದ್ದಾನಲ್ಲ" ಅನ್ನುತ್ತಿದ್ದರು. ಅದನ್ನು ಕೇಳಿ ಅವನಿಗೆ ಆಗುತ್ತಿದ್ದ ನೋವು ಕಾಯಿಲೆಗಿಂತ ಕಡಿಮೆಯದಲ್ಲ.

ನಾಲ್ಕನೇ ಸಲ ಅವನ ಪಕ್ಕ ಸುಮ್ಮನೆ ಕೂತಿದ್ದೆ. ಕತ್ತಿನ ಬುಡದಲ್ಲಿ, ಕೊರಳ ಮೂಳೆಯ ಮೇಲೆ ಒಂದು ಗುಳಿ ಪ್ರತಿ ಉಸಿರಿಗೂ ಒಳಕ್ಕೆ ಜಗ್ಗುತ್ತಿತ್ತು. ನಾವು ಸುಮ್ಮನೆ ಕೂತು ಉಸಿರಾಡುವಾಗ ಕತ್ತಿನ ಸ್ನಾಯುಗಳಿಗೆ ಹೆಚ್ಚು ಕೆಲಸವಿಲ್ಲ. ಇವನಿಗೆ ಕೂತಲ್ಲೇ ಕತ್ತು, ಭುಜ ಎಲ್ಲ ಸೇರಿ ಗಾಳಿ ಎಳೆಯಬೇಕಿತ್ತು. ಎರಡು ಕೈಯನ್ನೂ ಮಂಡಿಗೆ ಊರಿ ಮುಂದಕ್ಕೆ ಬಾಗಿ ಕೂರುವುದೂ ಅದಕ್ಕೇ. ಆ ಕೂರುವ ರೀತಿ ಅಭ್ಯಾಸವಲ್ಲ, ಬದುಕುವ ಉಪಾಯ.

"ಎಲ್ಲಿ ತೆಗೀಲಿ ಅಣ್ಣ?" ಅಂದೆ. "ಇಲ್ಲೇ. ಎಲ್ಲಿಗ್ ಹೋಗ್ಲಿ ಹೇಳು" ಅಂದ. ಕಿಟಕಿಯನ್ನು ಅವನ ಎಡಕ್ಕೆ ಬರುವಂತೆ ಕುರ್ಚಿ ತಿರುಗಿಸಿದೆವು. ಪಕ್ಕದ ಬೆಳಕು ಬಿದ್ದ ತಕ್ಷಣ ಆ ಗುಳಿಯಲ್ಲಿ ನೆರಳು ತುಂಬಿತು. ಟ್ರೈಪಾಡ್ ಇಟ್ಟು, ಶಟರನ್ನು ಕಾಲು ಸೆಕೆಂಡಿಗೆ ಇಳಿಸಿದೆ. ಕುರ್ಚಿ, ಮಂಡಿ, ಕೈ, ಗೋಡೆಯ ಕ್ಯಾಲೆಂಡರ್ ಎಲ್ಲ ಚೂಪಾಗಿ ಬಂದವು. ಎದೆ ಮತ್ತು ಭುಜ ಮಾತ್ರ ತುಸು ಅಲುಗಿ ಮಸುಕಾದವು. ನಲವತ್ತು ಫ್ರೇಮಿನಲ್ಲಿ ಎರಡರಲ್ಲಿ ಮುಖ ಅಲ್ಲಾಡದೆ ಉಸಿರು ಮಾತ್ರ ಅಲ್ಲಾಡಿತ್ತು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿ, "ಹಾಂ, ಇದು ನಾನು" ಅಂದ. ಅವನ ಅಂಗಿಯ ಜೇಬಿನಲ್ಲಿ ಇನ್‌ಹೇಲರ್ ಇತ್ತು, ಅದರ ತುದಿ ಕಾಣಿಸುತ್ತದೆ. ಅದನ್ನು ಹೊರಗೆ ತೆಗೆದು ಕೈಯಲ್ಲಿ ಹಿಡಿಯಿರಿ ಅಂತ ನಾನು ಹೇಳಲಿಲ್ಲ, ಅದೊಂದು ಸಮಾಧಾನ.

ದೂಳು, ಹೊಗೆಗೂ ಇದೇ ಬೆಳಕಿನ ಲೆಕ್ಕ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ತೆಗೆದರೆ ಗಾಳಿಯಲ್ಲಿರುವ ದೂಳು ಕಾಣುವುದೇ ಇಲ್ಲ. ಬೆಳಕಿಗೆ ಎದುರಾಗಿ ನಿಂತು, ಹಿಂದೆ ಕಪ್ಪು ಹಿನ್ನೆಲೆ ಸಿಕ್ಕರೆ ಕಣಕಣವೂ ಹೊಳೆಯುತ್ತದೆ. ಎರಡೂ ಒಂದೇ ಗಾಳಿ, ಒಂದೇ ಹೊತ್ತು. ಹಾಗಾದರೆ ಯಾವುದು ನಿಜ? ಉಸಿರಿನೊಳಗೆ ಹೋಗುತ್ತಿರುವುದು ಯಾವುದೋ ಅದು ನಿಜ ಅಂತ ನಾನು ತೀರ್ಮಾನಿಸಿಕೊಂಡಿದ್ದೇನೆ. ಆದರೆ ಅಡಿಬರಹದಲ್ಲಿ ಬೆಳಿಗ್ಗೆಯೋ ಸಂಜೆಯೋ, ಎದುರು ಬೆಳಕೋ ಅಂತ ಬರೆಯುತ್ತೇನೆ.

ನೀರಿನ ಬಣ್ಣದ ವಿಷಯದಲ್ಲಿ ಇದಕ್ಕಿಂತ ಕಟ್ಟುನಿಟ್ಟು. ಒಮ್ಮೆ ಸಾರ್ವಜನಿಕ ಸಭೆಯಲ್ಲಿ ನನ್ನ ಚಿತ್ರಗಳನ್ನು ತೋರಿಸಿದಾಗ ಕಾರ್ಖಾನೆಯ ಪರ ಬಂದವರು ಎದ್ದು, "ಈ ಕೆಂಪು ಕಂಪ್ಯೂಟರಿನಲ್ಲಿ ಬಂದದ್ದು" ಅಂದರು. ಸಭೆ ನನ್ನ ಕಡೆ ತಿರುಗಿತು. ಅವತ್ತು ನನ್ನನ್ನು ಉಳಿಸಿದ್ದು ಅಂಗೈಯಗಲದ ಒಂದು ಬೂದು ಕಾರ್ಡು. ಹದಿನೆಂಟು ಶೇಕಡಾ ಬೂದು ಅಂತಾರೆ, ಬಣ್ಣವೇ ಇಲ್ಲದ ಕಾರ್ಡು. ಹಳ್ಳಕ್ಕೆ ಹೋದಾಗಲೆಲ್ಲ ಮೊದಲ ಫ್ರೇಮಿನಲ್ಲಿ ಅದನ್ನು ನೀರಿನ ಪಕ್ಕ ಹಿಡಿಸಿ ತೆಗೆಯುತ್ತೇನೆ. ಆಮೇಲೆ ಆ ಕಾರ್ಡು ಬೂದಾಗಿ ಕಾಣುವ ಹಾಗೆ ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣಗಳ ಸಮತೋಲ, ಕೂರಿಸಿದರೆ ನೀರಿನ ಬಣ್ಣ ಅದರ ಪಾಡಿಗೆ ಅದು ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ರಾ ಫೈಲ್, ಅಂದರೆ ಕ್ಯಾಮೆರಾ ದಾಖಲಿಸಿದ ತಿದ್ದದ ಮೂಲ, ತೆರೆದು, ಕಾರ್ಡಿರುವ ಫ್ರೇಮನ್ನು ಎಲ್ಲರೆದುರು ತೋರಿಸಿದೆ. ಕಾರ್ಡು ಬೂದು, ನೀರು ಕೆಂಪು. ಆಮೇಲೆ ಆ ಮಾತು ಎದ್ದಿಲ್ಲ.

ಪೋಲರೈಸರ್ ಫಿಲ್ಟರಿನ ವಿಷಯದಲ್ಲೂ ಎಚ್ಚರ ಬೇಕು. ಅದನ್ನು ತಿರುಗಿಸಿದರೆ ನೀರಿನ ಮೇಲಿನ ಆಕಾಶದ ಪ್ರತಿಬಿಂಬ ಹೋಗಿ ನೀರು ಇನ್ನೂ ಕಪ್ಪಾಗುತ್ತದೆ. ಸುಳ್ಳಲ್ಲ, ಆದರೆ ದಡದಲ್ಲಿ ನಿಂತವನ ಕಣ್ಣಿಗೆ ಕಂಡದ್ದೂ ಅಲ್ಲ. ಹಾಕಿದ್ದು, ಹಾಕದ್ದು ಎರಡನ್ನೂ ತೆಗೆದಿಡುತ್ತೇನೆ, ಪ್ರಕಟಿಸುವುದು ಹಾಕದ್ದನ್ನು. ಮುಖಗಳ ಚಿತ್ರಕ್ಕೆ ಎಡಿಟಿಂಗ್ ಸಾಫ್ಟ್‌ವೇರಿನ ಕ್ಲಾರಿಟಿ ಸ್ಲೈಡರ್ ಮುಟ್ಟುವುದೇ ಇಲ್ಲ. ಅದನ್ನು ಬಲಕ್ಕೆ ತಳ್ಳಿದರೆ ಎಂಥ ಚರ್ಮವೂ ತೊಗಟೆಯಂತೆ ಕಾಣುತ್ತದೆ, ಸುಕ್ಕೆಲ್ಲ ದುಃಖವಾಗುತ್ತದೆ. ಕಷ್ಟದಲ್ಲಿರುವವರ ಫೋಟೊಗಳನ್ನು ಕಪ್ಪು ಬಿಳುಪಿಗೆ ತಿರುಗಿಸಿ ಒರಟು ಮಾಡುವ ಚಾಳಿ ನಮ್ಮ ನಡುವೆ ತುಂಬಾ ಇದೆ. ದಯವಿಟ್ಟು ಬಿಡಿ.

ಅಡಿಬರಹ ಬರೆಯುವುದಕ್ಕೆ ನನಗೆ ಫೋಟೊ ತೆಗೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಮೊದಮೊದಲು, "ಕಾರ್ಖಾನೆಯ ನೀರಿನಿಂದ ಕ್ಯಾನ್ಸರ್ ಬಂದ ಮಹಿಳೆ" ಅಂತ ಸಲೀಸಾಗಿ ಬರೆದುಬಿಡುತ್ತಿದ್ದೆ. ನನಗೆ ಹೇಗೆ ಗೊತ್ತು? ಒಬ್ಬ ವ್ಯಕ್ತಿಗೆ ಬಂದ ಒಂದು ಕ್ಯಾನ್ಸರು ಇಂಥದ್ದರಿಂದಲೇ ಅಂತ ಫೋಟೊ ಹೇಳಲಾರದು, ಎಷ್ಟೋ ಸಲ ವೈದ್ಯರೂ ಹೇಳಲಾರರು. ಅಂಥ ಒಂದು ಸಾಲು ಬಿದ್ದುಹೋದರೆ ಎದುರಾಳಿಗಳು ಇಡೀ ಊರಿನ ಮಾತನ್ನೇ ಬೀಳಿಸುತ್ತಾರೆ. ಈಗ ಮೂರನ್ನು ಬೇರೆ ಬೇರೆ ಬರೆಯುತ್ತೇನೆ: ಆ ವ್ಯಕ್ತಿ ಏನು ಹೇಳಿದರು, ವೈದ್ಯರ ಚೀಟಿಯಲ್ಲಿ ಏನಿದೆ, ನೀರಿನದೋ ಗಾಳಿಯದೋ ಪರೀಕ್ಷೆ ಆಗಿದ್ದರೆ ಅದರಲ್ಲಿ ಏನು ಬಂತು. ಮೂರನ್ನೂ ಪಕ್ಕಪಕ್ಕ ಇಟ್ಟರೆ ಓದುವವರಿಗೆ ಗೊತ್ತಾಗುತ್ತದೆ.

ಕಾರಣ ಸಾಬೀತಾಗುವುದು ಎಷ್ಟು ನಿಧಾನ ಅನ್ನುವುದಕ್ಕೂ ಮಿನಮಾಟಾವೇ ಸಾಕ್ಷಿ. ಕಂಪನಿಯ ಆಸ್ಪತ್ರೆಯ ವೈದ್ಯ ಹೊಸೊಕಾವಾ ಹಾಜಿಮೆ 1959ರಲ್ಲಿ ಕಾರ್ಖಾನೆಯ ತ್ಯಾಜ್ಯ ನೀರನ್ನು ಬೆಕ್ಕಿನ ಆಹಾರಕ್ಕೆ ಬೆರೆಸಿ ನೋಡಿದರು. 400 ಅನ್ನುವ ಸಂಖ್ಯೆಯ ಆ ಬೆಕ್ಕಿಗೆ ಅದೇ ಕಾಯಿಲೆ ಬಂತು. ಕಂಪನಿ ಅದನ್ನು ಮುಚ್ಚಿಟ್ಟಿತು. ಜಪಾನ್ ಸರ್ಕಾರ ಕಾರಣವನ್ನು ಅಧಿಕೃತವಾಗಿ ಒಪ್ಪಿದ್ದು 1968ರ ಸೆಪ್ಟೆಂಬರಿನಲ್ಲಿ. ಕಾಯಿಲೆ ಗೊತ್ತಾಗಿ ಹನ್ನೆರಡು ವರ್ಷ. ಅಷ್ಟು ದಿನವೂ ಕಾರ್ಖಾನೆ ನಡೆಯುತ್ತಲೇ ಇತ್ತು.

ಅದೇ ಊರಿನ ಇನ್ನೊಂದು ಸಂಗತಿ ನನ್ನ ಕೆಲಸದ ದಾರಿಯನ್ನೇ ತಿರುಗಿಸಿತು. ಅಲ್ಲಿನ ಮನೆಗಳಲ್ಲಿ ಮಗುವಿನ ಹೊಕ್ಕುಳಬಳ್ಳಿಯ ತುಂಡನ್ನು ಒಣಗಿಸಿ ಜೋಪಾನವಾಗಿ ಎತ್ತಿಡುತ್ತಿದ್ದರು. ಹರಾಡಾ ಮಸಾಜುಮಿ ಎಂಬ ವೈದ್ಯರು ವರ್ಷಗಳ ಬಳಿಕ ಆ ಒಣಬಳ್ಳಿಗಳನ್ನು ಒಟ್ಟುಮಾಡಿ ಪರೀಕ್ಷಿಸಿದಾಗ ಅವುಗಳಲ್ಲಿ ಮೀಥೈಲ್ ಮರ್ಕ್ಯುರಿ ಸಿಕ್ಕಿತು. ವಿಷ ತಾಯಿಯಿಂದ ಮಗುವಿಗೆ ದಾಟಿತ್ತು ಅನ್ನುವುದಕ್ಕೆ ಪ್ರತಿ ಮನೆಯ ಪೆಟ್ಟಿಗೆಯಲ್ಲೂ ಸಾಕ್ಷಿ ಇತ್ತು. ಇದನ್ನು ಓದಿದ ಮೇಲೆ ನಾನು ಇನ್ನೊಂದು ಪ್ರಶ್ನೆಯನ್ನೂ ಕೇಳತೊಡಗಿದೆ: "ನೀವು ಎತ್ತಿಟ್ಟಿರೋದು ಏನಾದ್ರೂ ಇದೆಯಾ?"

ಇರುತ್ತದೆ. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲ, ಅದರಲ್ಲಿ ಹತ್ತು ವರ್ಷದ ಎಕ್ಸ್‌ರೇ, ಚೀಟಿ, ಔಷಧಿ ಅಂಗಡಿಯ ಬಿಲ್ಲು. ಬಾಟಲಿಯಲ್ಲಿ ತುಂಬಿಟ್ಟ ನೀರು, ಮೇಲೆ ಪೆನ್ನಿನಲ್ಲಿ ಬರೆದ ತಾರೀಖು. ಮೀನು ಸತ್ತು ತೇಲಿದ ದಿನಗಳನ್ನೆಲ್ಲ ಗುರುತು ಹಾಕಿದ ಹಳೆಯ ಕ್ಯಾಲೆಂಡರುಗಳನ್ನು ಒಬ್ಬರು ಹಾಸಿಗೆಯ ಕೆಳಗೆ ಇಟ್ಟಿದ್ದರು. ಯಾರೂ ಕೇಳಿರಲಿಲ್ಲ, ಹಾಗಾಗಿ ಯಾರಿಗೂ ತೋರಿಸಿರಲಿಲ್ಲ. ಅವರ ಚಿತ್ರದಲ್ಲಿ ಆ ಕ್ಯಾಲೆಂಡರುಗಳನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಾರೆ. ಹಾಗೆ ಹಿಡಿದದ್ದು ಅವರೇ.

ಒಪ್ಪಿಗೆಯ ಬಗ್ಗೆ. ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಮುಗಿಯಿತು ಅಂತ ತಿಳಿದಿದ್ದೆ. ಅದು ನನ್ನ ರಕ್ಷಣೆಗೆ ಆಯಿತೇ ಹೊರತು ಅವರ ರಕ್ಷಣೆಗಲ್ಲ. ಈಗ ಮೂರು ಸಲ ಕೇಳುತ್ತೇನೆ. ತೆಗೆಯುವ ಮೊದಲು ಒಮ್ಮೆ. ಪ್ರಿಂಟ್ ಮಾಡಿಸಿ ಕೈಗೆ ಕೊಟ್ಟ ಮೇಲೆ ಒಮ್ಮೆ, ಯಾಕೆಂದರೆ ನೋಡದ ಚಿತ್ರಕ್ಕೆ ಯಾರೂ ನಿಜವಾಗಿ ಒಪ್ಪಲಾರರು. ಎಲ್ಲಿಯಾದರೂ ಹೊಸದಾಗಿ ಬರುವಾಗ ಮತ್ತೊಮ್ಮೆ. ಬೇಡ ಅಂದವರು ಇದ್ದಾರೆ. ಒಬ್ಬ ಹೆಂಗಸು ಎರಡು ವರ್ಷ ಒಪ್ಪಿದ್ದವರು, ಮಗನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಗುವ ಹಾಗಿದೆ, ಈಗ ಬೇಡ ಅಂದರು. ಪ್ರದರ್ಶನಕ್ಕೆ ಮೂರು ದಿನ ಇತ್ತು, ಇಳಿಸಿದೆ. ನನ್ನ ಅತ್ಯುತ್ತಮ ಚಿತ್ರಗಳಲ್ಲಿ ಅದೂ ಒಂದು ಅಂತ ಹೇಳಿದರೆ ಅವರ ಮೇಲೆ ಒತ್ತಡ ಹೇರಿದಂತೆ ಆಗುತ್ತಿತ್ತು, ಆದ್ದರಿಂದ ಹೇಳಲಿಲ್ಲ. ಫೈಲಿನೊಳಗೆ ಅಡಗಿರುವ ಜಿಪಿಎಸ್ ಗುರುತನ್ನೂ ಹೊರಗೆ ಕಳಿಸುವ ಮುನ್ನ ಅಳಿಸುತ್ತೇನೆ. ಯಾವ ಮನೆಯವರು ಬಾಯಿಬಿಟ್ಟರು ಅನ್ನುವುದು ಎಲ್ಲರಿಗೂ ತಿಳಿಯಬೇಕಿಲ್ಲ. ಮೂಲ ರಾ ಫೈಲು ಮಾತ್ರ ಮುಟ್ಟದೆ ಎರಡು ಕಡೆ ಇರುತ್ತದೆ.

ಭೋಪಾಲದ ಮಗುವನ್ನು ಇಲ್ಲಿ ನೆನೆಯದೆ ಇರಲಾರೆ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೊಸಯನೇಟ್ ಎಂಬ ವಿಷಾನಿಲ ಸೋರಿತು. ಮಣ್ಣಿನಲ್ಲಿ ಅರ್ಧ ಹೂತ, ಕಣ್ಣು ತೆರೆದೇ ಇದ್ದ ಒಂದು ಮಗುವಿನ ಮುಖವನ್ನು ರಘು ರೈ ಕಪ್ಪು ಬಿಳುಪಿನಲ್ಲೂ ಪಾಬ್ಲೊ ಬಾರ್ಥಲೊಮ್ಯೂ ಬಣ್ಣದಲ್ಲೂ ತೆಗೆದರು. ಪಾಬ್ಲೊ ಅವರ ಚಿತ್ರಕ್ಕೆ 1984ರ ವರ್ಲ್ಡ್ ಪ್ರೆಸ್ ಫೋಟೊ ವರ್ಷದ ಚಿತ್ರದ ಗೌರವ ಬಂತು. ಇಡೀ ದುರಂತಕ್ಕೇ ಆ ಮುಖ ಗುರುತಾಯಿತು, ಆದರೆ ಆ ಮಗು ಯಾರದು ಅನ್ನುವುದು ತಿಳಿಯಲೇ ಇಲ್ಲ. ಅವತ್ತು ಅಲ್ಲಿ ನಾನಿದ್ದಿದ್ದರೂ ತೆಗೆಯುತ್ತಿದ್ದೆ, ತೆಗೆಯಲೇಬೇಕಿತ್ತು. ಆದರೆ ನನಗೆ ಅಷ್ಟೇ ದೊಡ್ಡದಾಗಿ ಕಾಣುವುದು ರಘು ರೈ ಹದಿನೇಳು ಹದಿನೆಂಟು ವರ್ಷದ ನಂತರ ಮತ್ತೆ ಭೋಪಾಲಕ್ಕೆ ಹೋಗಿ, ಬದುಕುಳಿದವರನ್ನು ಅವರವರ ಮನೆಗಳಲ್ಲಿ ಕಂಡು ತೆಗೆದದ್ದು. ಸೋರಿಕೆ ಒಂದು ರಾತ್ರಿಯದು. ಕಾಯಿಲೆಗೆ ಅಂಥ ಒಂದು ರಾತ್ರಿ ಇರುವುದಿಲ್ಲ.

ನಾನೂ ಪ್ರತಿ ವರ್ಷ ಹೋಗುತ್ತೇನೆ, ಪ್ರಿಂಟುಗಳ ಕಟ್ಟು ಹಿಡಿದುಕೊಂಡು. ಅಜ್ಜಿ ಈಗಿಲ್ಲ. ಬಾವಿಯ ಚಿತ್ರ ಅವರ ಮನೆಯ ಗೋಡೆಯಲ್ಲಿದೆ. ಸಿಲಿಕೋಸಿಸ್ ಅಣ್ಣನೂ ಹೋದ. ಅವನ ಹೆಂಡತಿ ಆ ಉಸಿರಿನ ಚಿತ್ರ ಬೇಡ ಅಂದು, ಕುರ್ಚಿಯಲ್ಲಿ ಗಟ್ಟಿಮುಟ್ಟಾಗಿ ಕೂತ ಹಳೆಯ ಚಿತ್ರವನ್ನೇ ಕೇಳಿ ತೆಗೆದುಕೊಂಡಳು. ನಾನು ಮೂರು ಸಲ ಸೋತೆ ಅಂದುಕೊಂಡಿದ್ದ ಆ ಚಿತ್ರ ಅವಳಿಗೆ ಬೇಕಿತ್ತು. ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಕೊಟ್ಟೆ.

ಹೋದ ವರ್ಷ ಆ ಹುಡುಗ ಸಿಕ್ಕಿದ. ಈಗ ಹತ್ತೊಂಬತ್ತು ವರ್ಷ, ಐಟಿಐ ಮುಗಿಸಿದ್ದಾನೆ. ಚರ್ಮ ವಾಸಿಯಾಗಿದೆ, ಮೊಣಕೈ ಹತ್ತಿರ ಮಾತ್ರ ಒಂದಷ್ಟು ಕಪ್ಪು ಉಳಿದಿದೆ. ನಿನ್ನದೊಂದು ಫೋಟೊ ತೆಗೆಯಲಾ, ಎಲ್ಲಿ ನಿಲ್ತೀಯ ಅಂತ ಕೇಳಿದೆ. ಬೇಡ ಸರ್ ಅಂದ. ಆಮೇಲೆ, "ಆ ಹಳೇದು ನಿಮ್ಮತ್ರ ಇದೆಯಾ?" ಅಂದ. ಇದೆ ಅಂದೆ. ಲ್ಯಾಪ್‌ಟಾಪ್ ತೆರೆದು ಆರು ಫ್ರೇಮನ್ನೂ ತೋರಿಸಿದೆ. ತನ್ನ ಕೈಯನ್ನು ಪರದೆಯ ಪಕ್ಕ ಹಿಡಿದು ಹೋಲಿಸಿ ನೋಡಿದ. "ನಂಗೆ ಕಳ್ಸಿ. ನಿಮ್ಮತ್ರ ಇರೋದು ತೆಗೆದುಬಿಡಿ" ಅಂದ. ಅವನ ಫೋನಿಗೆ ಕಳಿಸಿದೆ. ಅವನ ಎದುರೇ ಲ್ಯಾಪ್‌ಟಾಪಿನಲ್ಲಿದ್ದದ್ದನ್ನೂ, ಮನೆಗೆ ಬಂದು ಎರಡು ಹಾರ್ಡ್ ಡಿಸ್ಕಿನಲ್ಲಿದ್ದದ್ದನ್ನೂ ಅಳಿಸಿ, ಅಳಿಸಿದೆ ಅಂತ ಅವನಿಗೆ ಮೆಸೇಜು ಹಾಕಿದೆ. ಸರಿ ಸರ್ ಅಂತ ಬಂತು.